ವಿದ್ಯಾದಾನವೂ ಸರ್ಕಾರದ ಬೊಕ್ಕಸವೂ

ಅಮೆರಿಕದ ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್ ಎಂಬ ಊರಿನಲ್ಲಿ ನನ್ನ ಮಗಳ ಸಂಸಾರವಿದೆ. 2024ರ ಚಾತುರ್ಮಾಸ್ಯದ ದಿನಗಳನ್ನು ನಾನು ಅಲ್ಲಿಯೇ ಕಳೆದೆನು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವನ್ನು ಮಗಳು ಅಲ್ಲಿಯೂ ಬಿಟ್ಟಿಲ್ಲ. ಅಳಿಯ ಕಚೇರಿಯಿಂದಲೂ ಮೊಮ್ಮಗ ಶಾಲೆಯಿಂದಲೂ ಬರುವುದಕ್ಕೂ ಹೊತ್ತು ಇಳಿಯುವುದಕ್ಕೂ ಸರಿಹೋಗುತ್ತಿದ್ದುದರಿಂದ ಆ ಮನೆಯ ಮಾತುಕತೆಯೆಲ್ಲವೂ ಊಟದ ಅರ್ಧ ಗಂಟೆಯಲ್ಲಿಯೇ ನಡೆಯುತ್ತಿತ್ತು. ಅಕ್ಟೋಬರ್ ತಿಂಗಳ ಒಂದು ಸಂಜೆ ಮೊಮ್ಮಗನು, ಹನ್ನೆರಡನೆಯ ತರಗತಿ ಮುಗಿದ ಮೇಲೆ ತಾನು ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗದೆ ಊರಿನ ಕಮ್ಯುನಿಟಿ ಕಾಲೇಜನ್ನು ಸೇರುವೆನೆಂದೂ, ಅಲ್ಲಿನ ಬೋಧನಾ ಶುಲ್ಕವನ್ನು ರಾಜ್ಯವೇ ಭರಿಸುವುದೆಂದೂ, ಅರ್ಜಿಗೆ ನವೆಂಬರ್ 1 ಕಡೆಯ ದಿನವೆಂದೂ ತಿಳಿಸಿದನು. ಅಳಿಯನ ಕೈ ತುತ್ತಿನ ಮೇಲೆಯೇ ನಿಂತಿತು.

ಅಳಿಯನ ಸಂಕಟ ನನಗೆ ಕೂಡಲೇ ಅರ್ಥವಾಯಿತು. ಅಲ್ಲಿರುವ ನಮ್ಮವರ ಮಕ್ಕಳೆಲ್ಲ ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳ ಅಂಗಿ ತೊಟ್ಟು ತಿರುಗುವಾಗ ತನ್ನ ಮಗ ಊರ ಕಾಲೇಜಿಗೆ ಹೋಗುವುದೆಂದರೇನು ಎಂಬ ಲೋಕಲಜ್ಜೆ ಅದು. ಹಾಸನದಲ್ಲಾಗಲಿ ನಾಕ್ಸ್‌ವಿಲ್‌ನಲ್ಲಾಗಲಿ ಈ ರೋಗಕ್ಕೆ ಒಂದೇ ಲಕ್ಷಣ. ಆದರೆ ಮಗಳ ಆಕ್ಷೇಪ ಬೇರೆಯದಾಗಿತ್ತು. ಅವಳೆಂದಳು: "ಕಾಲೇಜು ಯಾವುದಾದರೂ ಆಗಲಿ. ನಾವಿಬ್ಬರೂ ದುಡಿಯುತ್ತೇವೆ, ಶುಲ್ಕ ಕಟ್ಟುವ ಶಕ್ತಿಯಿದೆ. ಇದ್ದೂ ಇದ್ದೂ ಧರ್ಮದ ದುಡ್ಡಿಗೆ ಕೈ ಒಡ್ಡುವುದು ಸರಿಯೇ, ಅಪ್ಪಾಜಿ?"

ಮೂವತ್ತನಾಲ್ಕು ವರ್ಷ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಆ ಕ್ಷಣಕ್ಕೆ ಉತ್ತರ ತೋಚಲಿಲ್ಲ. ಆ ಬಳಿಕ ಊರಿನ ಗ್ರಂಥಾಲಯದಲ್ಲಿ ಕುಳಿತು ಓದಿದ್ದನ್ನೂ, ಮನೆಯಲ್ಲಿ ನಡೆದ ಚರ್ಚೆಯನ್ನೂ, ಅದರಿಂದ ನನಗೆ ನೆನಪಾದ ನನ್ನದೇ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳಿಗೆ ನೆರವು ನೀಡುವ ಬಸದಿಗಳ ಟ್ರಸ್ಟಿನವರು ಇದನ್ನು ಓದುವರೆಂಬ ಆಸೆಯಿಂದ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ.

ಕಮ್ಯುನಿಟಿ ಕಾಲೇಜು ಎಂಬುದು ನಮ್ಮಲ್ಲಿ ಹೆಚ್ಚು ಪರಿಚಿತವಲ್ಲದ ವಸ್ತು. ಹನ್ನೆರಡನೆಯ ತರಗತಿಯ ಮೇಲಿನ ಎರಡು ವರ್ಷಗಳ ವ್ಯಾಸಂಗವನ್ನು ಊರಿನಲ್ಲಿಯೇ, ಕಡಿಮೆ ವೆಚ್ಚದಲ್ಲಿ, ಬಂದವರನ್ನೆಲ್ಲ ಸೇರಿಸಿಕೊಂಡು ನಡೆಸುವ ವಿದ್ಯಾಲಯ ಅದು. ದಾದಿಯರ ತರಬೇತಿ, ಯಂತ್ರಗಳ ಕೆಲಸ, ಲೆಕ್ಕಪತ್ರ ಇವುಗಳ ಜೊತೆಗೆ ಸಾಹಿತ್ಯ, ಗಣಿತ, ವಿಜ್ಞಾನಗಳೂ ಅಲ್ಲಿರುತ್ತವೆ. ಎರಡು ವರ್ಷ ಓದಿದವರು ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬಲ್ಲಿ 1901ರಲ್ಲಿ ಇಂತಹ ಮೊದಲ ಸಾರ್ವಜನಿಕ ಕಾಲೇಜು ಆರಂಭವಾಯಿತು. ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು 1947ರಲ್ಲಿಯೇ, ಈ ಎರಡು ವರ್ಷಗಳ ಶಿಕ್ಷಣವು ಪ್ರೌಢಶಾಲೆಯಂತೆಯೇ ಶುಲ್ಕರಹಿತವಾಗಿರಬೇಕೆಂದು ಶಿಫಾರಸು ಮಾಡಿತ್ತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1984ರವರೆಗೂ ಬೋಧನಾ ಶುಲ್ಕವಿರಲಿಲ್ಲ. ಆ ವರ್ಷ ಪಾಠದ ಒಂದು ಘಟಕಕ್ಕೆ ಐದು ಡಾಲರಿನಂತೆ ಆರಂಭವಾದದ್ದು ಏರುತ್ತ ಇಳಿಯುತ್ತ 2012ರಲ್ಲಿ ನಲವತ್ತಾರು ಡಾಲರಿಗೆ ಬಂದು ನಿಂತಿತು. ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯವೂ ನಗರದ ಬೊಕ್ಕಸ ಬರಿದಾದ 1976ರವರೆಗೆ ಶುಲ್ಕ ಕೇಳಿದ್ದಿಲ್ಲ. ಆದುದರಿಂದ ಉಚಿತ ಕಾಲೇಜು ಎಂಬುದು ಈಚಿನವರ ಕನಸೆಂದು ಹೇಳುವವರು ತಮ್ಮ ದೇಶದ ಚರಿತ್ರೆಯನ್ನೇ ಮರೆತವರು.

ಟೆನೆಸ್ಸೀಯ ಕಥೆ ನಮ್ಮ ಸಮಾಜದವರಿಗೆ ವಿಶೇಷವಾಗಿ ರುಚಿಸಬೇಕು. ಅದರ ಮೂಲ ಒಂದು ಖಾಸಗಿ ದಾನದಲ್ಲಿದೆ. ಇದೇ ನಾಕ್ಸ್‌ವಿಲ್ ಪ್ರದೇಶದಲ್ಲಿ 2008ರಲ್ಲಿ, ರ‍್ಯಾಂಡಿ ಬಾಯ್ಡ್ ಎಂಬ ಉದ್ಯಮಿ ಮತ್ತಿತರರ ಪ್ರಯತ್ನದಿಂದ, ದಾನಿಗಳ ಹಣದಲ್ಲಿ ಊರಿನ ಮಕ್ಕಳಿಗೆ ಕಾಲೇಜಿನ ಶುಲ್ಕ ತುಂಬಿ, ಪ್ರತಿಯೊಬ್ಬರಿಗೂ ಒಬ್ಬ ಹಿರಿಯ ಮಾರ್ಗದರ್ಶಕರನ್ನು ಗೊತ್ತುಮಾಡುವ ಯೋಜನೆ ಹುಟ್ಟಿತು. ಆಗ ಆ ಊರಿನ ಮೇಯರ್ ಆಗಿದ್ದ ಬಿಲ್ ಹ್ಯಾಸ್ಲಮ್ ಮುಂದೆ ರಾಜ್ಯದ ಗವರ್ನರ್ ಆದರು. ಅವರು 2014ರಲ್ಲಿ ಅದನ್ನೇ 'ಟೆನೆಸ್ಸೀ ಪ್ರಾಮಿಸ್' ಎಂಬ ಹೆಸರಿನಲ್ಲಿ ಇಡೀ ರಾಜ್ಯದ ಶಾಸನವಾಗಿ ಮಾಡಿದರು. 2015ರಲ್ಲಿ ಮೊದಲ ತಂಡ ಕಾಲೇಜು ಸೇರಿತು. ಹ್ಯಾಸ್ಲಮ್ ಅವರು ರಿಪಬ್ಲಿಕನ್ ಪಕ್ಷದವರು. ಅದೇ ವರ್ಷ ಜನವರಿ 9ರಂದು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಒಬಾಮ ಅವರು ನಾಕ್ಸ್‌ವಿಲ್‌ನ ಪೆಲಿಸಿಪ್ಪಿ ಸ್ಟೇಟ್ ಕಾಲೇಜಿಗೇ ಬಂದು, ಈ ಮಾದರಿಯನ್ನು ದೇಶಕ್ಕೆಲ್ಲ ಹರಡಬೇಕೆಂದರು. ಖರ್ಚಿನ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯಗಳದ್ದು. ಹತ್ತು ವರ್ಷಕ್ಕೆ ಕೇಂದ್ರಕ್ಕೆ ಆರು ಸಾವಿರ ಕೋಟಿ ಡಾಲರ್ ಎಂಬ ಅಂದಾಜು. ಆಗ ಏಳು ವರ್ಷದವನಾಗಿದ್ದ ಮೊಮ್ಮಗನಿಗೆ ಆ ದಿನ ರಸ್ತೆ ತಡೆದು ತಾನು ಮನೆಗೆ ತಡವಾಗಿ ಬಂದದ್ದಷ್ಟೇ ನೆನಪು. ಕಾಂಗ್ರೆಸ್ ಸಭೆ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಅಧ್ಯಕ್ಷ ಬೈಡನ್ 2021ರಲ್ಲಿ ಹತ್ತು ಸಾವಿರದ ಒಂಬೈನೂರು ಕೋಟಿ ಡಾಲರುಗಳ ಇನ್ನೊಂದು ಪ್ರಸ್ತಾವ ತಂದರು; ಆ ವರ್ಷದ ಅಕ್ಟೋಬರಿನಲ್ಲಿಯೇ ಅದನ್ನು ಮಸೂದೆಯಿಂದ ಕೈಬಿಡಲಾಯಿತು. ಅವರ ಪತ್ನಿ ಸ್ವತಃ ಕಮ್ಯುನಿಟಿ ಕಾಲೇಜಿನ ಅಧ್ಯಾಪಕಿಯಾಗಿದ್ದರೂ ಕೆಲಸ ನಡೆಯಲಿಲ್ಲ. ಹೀಗೆ ಕೇಂದ್ರದಲ್ಲಿ ನಿಂತುಹೋದದ್ದು ರಾಜ್ಯಗಳಲ್ಲಿ ಒಂದೊಂದು ರೀತಿಯಲ್ಲಿ ಮುಂದುವರಿದಿದೆ.

ಇಷ್ಟನ್ನು ತಿಳಿದು ನಾನು ಮಗಳಿಗೆ ಉತ್ಸಾಹದಿಂದ ಹೇಳಿದೆ, ಇದು ಧರ್ಮದ ದುಡ್ಡಲ್ಲ, ತೆರಿಗೆ ಕಟ್ಟುವ ಎಲ್ಲರ ಹಕ್ಕು ಎಂದು. ಹನ್ನೆರಡನೆಯ ತರಗತಿಯವರೆಗೆ ನಿನ್ನ ಮಗ ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲದೆ ಓದಿದನಲ್ಲ, ಆಗ ನಿನ್ನ ಸಂಬಳ ಎಷ್ಟೆಂದು ಯಾರಾದರೂ ಕೇಳಿದರೆ? ಒಂದು ಕಾಲಕ್ಕೆ ಬದುಕಲು ಎಂಟನೆಯ ತರಗತಿ ಸಾಕಾಗಿತ್ತು, ಆಮೇಲೆ ಹನ್ನೆರಡು ಬೇಕಾಯಿತು, ಈಗ ಹದಿನಾಲ್ಕು ಬೇಕಾಗಿದೆ; ಗೆರೆಯನ್ನು ಅಷ್ಟು ಮುಂದಕ್ಕೆ ಹಾಕಿದರಾಯಿತು. ಅವಳು ಒಪ್ಪಿದಂತೆಯೇ ಕಂಡಳು. ಆದರೆ ಆ ವಾರಾಂತ್ಯದಲ್ಲಿ ಪೆಟ್ರೋಲ್ ಹಾಕಿಸಲು ನಿಂತಿದ್ದಾಗ, ಅಂಗಡಿಯ ಗಾಜಿನ ಹಿಂದೆ ಸುರುಳಿ ಸುರುಳಿಯಾಗಿ ತೂಗುತ್ತಿದ್ದ ಬಣ್ಣದ ಚೀಟಿಗಳನ್ನು ತೋರಿಸಿದಳು. ಕೆಲಸದ ಬೂಟುಗಳ ತುಂಬ ಕೆಸರಾಗಿದ್ದ ಒಬ್ಬಾತ ನಾಣ್ಯದ ಅಂಚಿನಿಂದ ಅವುಗಳಲ್ಲಿ ಒಂದನ್ನು ಕೆರೆಯುತ್ತ ನಿಂತಿದ್ದನು. ಕೆರೆದು ನೋಡಿ, ಕಸದ ಬುಟ್ಟಿಗೆ ಹಾಕಿ, ಇನ್ನೊಂದನ್ನು ಕೊಂಡನು. ಮಗಳು ಹೇಳಿದಳು, "ಅಪ್ಪಾಜಿ, ಟೆನೆಸ್ಸೀ ಪ್ರಾಮಿಸ್‌ನ ಹಣ ಬರುವುದು ತೆರಿಗೆಯಿಂದ ಅಲ್ಲ, ಇದರಿಂದ."

ನಾನು ಪರಿಶೀಲಿಸಿದೆ. ಅವಳ ಮಾತು ನಿಜವಾಗಿತ್ತು. ಟೆನೆಸ್ಸೀಯ ಸಂವಿಧಾನದಲ್ಲಿ ಲಾಟರಿಗೆ ನಿಷೇಧವಿತ್ತು. 2002ರಲ್ಲಿ ಜನಮತದಿಂದ ಅದನ್ನು ತಿದ್ದಿ, 2004ರ ಜನವರಿಯಲ್ಲಿ ಮಾರಾಟ ತೊಡಗಿದರು. ಆ ಲಾಟರಿಯ ಹೆಸರಿನಲ್ಲಿಯೇ 'ಎಜುಕೇಷನ್' ಎಂಬ ಪದವಿದೆ. ಲಾಭವು ಮುಖ್ಯವಾಗಿ ವಿದ್ಯಾರ್ಥಿ ವೇತನಗಳಿಗೆ ಮೀಸಲು. ಪ್ರಾಮಿಸ್ ಯೋಜನೆ ಬಂದಾಗ ಲಾಟರಿಯ ಕೂಡಿಟ್ಟ ನಿಧಿಯಿಂದ ಮೂವತ್ತು ಕೋಟಿ ಡಾಲರಿಗೂ ಮಿಕ್ಕ ಮೊತ್ತವನ್ನು ಮೂಲಧನವಾಗಿ ತೆಗೆದಿರಿಸಿದರು.

ಸಪ್ತವ್ಯಸನಗಳಲ್ಲಿ ಮೊದಲನೆಯದೇ ಜೂಜು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ದಾನ ಮಾಡುವ ಶ್ರಾವಕನ ಧನ ನ್ಯಾಯದಿಂದ ಗಳಿಸಿದ್ದಾಗಿರಬೇಕೆಂಬುದೂ ನಮ್ಮ ಆಚಾರ್ಯರು ಮೊದಲಲ್ಲಿಯೇ ಇಟ್ಟ ನಿಯಮ. ಮಗಳು ತನ್ನ ಬಾಲ್ಯದ ಪಾಠಶಾಲೆಯ ಮಾತನ್ನೇ ನನಗೆ ಒಪ್ಪಿಸಿದಳು: ಕೃತ, ಕಾರಿತ, ಅನುಮೋದನ. "ನಾವು ಚೀಟಿ ಕೊಳ್ಳುವವರಲ್ಲ, ಕೊಳ್ಳಿ ಎಂದು ಯಾರಿಗೂ ಹೇಳುವವರಲ್ಲ. ಆದರೆ ಆ ದುಡ್ಡಿನಲ್ಲಿ ಮಗ ಓದಿದರೆ ಅನುಮೋದಿಸಿದಂತೆ ಆಗಲಿಲ್ಲವೇ? ಆ ಮನುಷ್ಯನ ಮಗ ಕಾಲೇಜಿಗೆ ಹೋಗುತ್ತಾನೋ ಇಲ್ಲವೋ, ನನ್ನ ಮಗ ಹೋಗುತ್ತಾನೆ."

ಅಳಿಯ ನಡುವೆ ಬಂದು ಒಂದು ಪೆಟ್ಟು ಕೊಟ್ಟನು, ಮೆತ್ತಗೆ. "ಮಾವ, ನಮ್ಮ ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ಬರುವುದೇನು ಕಡಿಮೆಯೇ? ನಿಮ್ಮ ಸಂಬಳ ಎಲ್ಲಿಂದ ಬಂತು?" ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತೆಂದು ನಾನು ಆಗ ತಾನೇ ಹೆಮ್ಮೆಯಿಂದ ಹೇಳಿದ್ದೆ. ನನ್ನ ಮೂವತ್ತನಾಲ್ಕು ವರ್ಷದ ಸಂಬಳದಲ್ಲಿಯೂ ಈಗಿನ ನಿವೃತ್ತಿ ವೇತನದಲ್ಲಿಯೂ ಹೆಂಡದ ಪಾಲೆಷ್ಟು ಎಂದು ನಾನು ಒಮ್ಮೆಯೂ ಕೇಳಿದವನಲ್ಲ. ಅಂದು ರಾತ್ರಿ ಸಾಮಾಯಿಕಕ್ಕೆ ಕುಳಿತರೂ ಮನಸ್ಸು ನಿಲ್ಲಲಿಲ್ಲ.

ಅಳಿಯನ ಮಾತಿಗೆ ನಾನು ಕಂಡುಕೊಂಡ ಉತ್ತರ ಪೂರ್ಣವೆಂದು ಹೇಳಲಾರೆ. ಆದರೂ ಭೇದವೊಂದಿದೆಯೆಂದು ತೋರುತ್ತದೆ. ಬೊಕ್ಕಸವೆಂಬುದು ಹಲವು ಹಳ್ಳಗಳು ಸೇರುವ ಕೆರೆ. ಅದರ ನೀರಿನಲ್ಲಿ ಇದು ಇಂಥ ಹಳ್ಳದ್ದೆಂದು ವಿಂಗಡಿಸಲಾಗದು. ಕೆರೆಯ ಕೆಸರಿಗೆ ಊರವರೆಲ್ಲ ಹೊಣೆ, ತೆಗೆಯುವ ಕೆಲಸವೂ ಎಲ್ಲರದು. ಲಾಟರಿಯಲ್ಲಾದರೋ ಒಂದು ವ್ಯಸನಕ್ಕೂ ಒಂದು ಪುಣ್ಯಕಾರ್ಯಕ್ಕೂ ನೇರವಾಗಿ ಗಂಟು ಹಾಕಲಾಗಿದೆ. ಚೀಟಿ ಹೆಚ್ಚು ಮಾರಾಟವಾದಷ್ಟು ವಿದ್ಯೆಗೆ ಲಾಭ; ವಿದ್ಯೆಯ ಹೆಸರು ಹೇಳಿದಷ್ಟು ಚೀಟಿಗೆ ಮರ್ಯಾದೆ. ಜೂಜಿನ ಕಟ್ಟೆಗೆ ಸರಸ್ವತಿಯ ಚಿತ್ರ ತೂಗುಹಾಕಿದಂತೆ ಇದು. ಸರ್ಕಾರವು ಈ ವಿದ್ಯೆಗೆ ಹಣ ಕೊಡಬೇಕೇ ಎಂದರೆ ಕೊಡಬೇಕು ಎನ್ನುತ್ತೇನೆ. ಆದರೆ ಎಲ್ಲರೂ ತಿಳಿದು ತೆರುವ ತೆರಿಗೆಯಿಂದ, ಶಕ್ತಿಗೆ ತಕ್ಕಂತೆ ತೆರುವ ತೆರಿಗೆಯಿಂದ ಕೊಡಬೇಕು. ಟೆನೆಸ್ಸೀಯಲ್ಲಿ ಅದೂ ಸುಲಭವಲ್ಲ. ಸಂಬಳದ ಮೇಲೆ ಅಲ್ಲಿ ರಾಜ್ಯದ ತೆರಿಗೆಯೇ ಇಲ್ಲ. ದಿನಸಿ ಅಂಗಡಿಯ ರಸೀತಿಯನ್ನು ನೋಡಿದರೆ ಅಕ್ಕಿ ಬೇಳೆಯ ಮೇಲೂ ರಾಜ್ಯಕ್ಕೆ ನೂರಕ್ಕೆ ನಾಲ್ಕು, ಅದರ ಮೇಲೆ ಊರಿನ ಪಾಲು ಬೇರೆ. ಕೆಸರಿನ ಬೂಟಿನವನು ಚೀಟಿ ಕೊಳ್ಳದೆ ಅಕ್ಕಿ ಕೊಂಡರೂ ತೆರುವವನು ಅವನೇ.

ತೆರುವವರ ವಿಷಯ ಹೀಗಾದರೆ ಪಡೆಯುವವರು ಯಾರು ಎಂಬ ಪ್ರಶ್ನೆ ಇನ್ನಷ್ಟು ತೊಡಕಿನದು. ಬಡ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರವು ಪೆಲ್ ಅನುದಾನವೆಂಬುದನ್ನು ಕೊಡುತ್ತದೆ. 2024-25ರಲ್ಲಿ ಅದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ಕಮ್ಯುನಿಟಿ ಕಾಲೇಜಿನ ಬೋಧನಾ ಶುಲ್ಕ ದೇಶದ ಸರಾಸರಿಯಲ್ಲಿ ಸುಮಾರು ನಾಲ್ಕು ಸಾವಿರ. ಎಂದರೆ ತೀರಾ ಬಡವನ ಶುಲ್ಕ ಮೊದಲೇ ಸಂದಾಯವಾಗಿರುತ್ತದೆ. ಪ್ರಾಮಿಸ್ ಯೋಜನೆ ಇತರ ನೆರವನ್ನೆಲ್ಲ ಕಳೆದು ಉಳಿದ ಶುಲ್ಕವನ್ನು ಮಾತ್ರ ತುಂಬುತ್ತದೆ. ಬಡವನಿಗೆ ಉಳಿದದ್ದು ಏನೂ ಇರುವುದಿಲ್ಲವಾದ್ದರಿಂದ ಅವನಿಗೆ ಸಿಗುವುದು ಸೊನ್ನೆ. ಪೆಲ್ ಅನುದಾನಕ್ಕೆ ಅರ್ಹನಲ್ಲದ ನನ್ನ ಮೊಮ್ಮಗನಂಥವನಿಗೆ ಪೂರ್ತಿ ಶುಲ್ಕ. ಆದಾಯದ ಮಿತಿಯನ್ನು ಅಲ್ಲಿ ಇಟ್ಟಿಲ್ಲ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದಾಗ ನನ್ನ ಕೈ ನಡುಗಿತು. ಏಕೆಂದರೆ ಆ ನಿಯಮದ ಭಾಷೆ ನನ್ನದೇ. ನಮ್ಮ ಊರಿನ ಬಸದಿಯ ಟ್ರಸ್ಟಿನಲ್ಲಿ ನಾನು ಕೆಲವು ಕಾಲ ವಿದ್ಯಾರ್ಥಿ ನೆರವಿನ ಸಮಿತಿಯ ಕಾರ್ಯದರ್ಶಿಯಾಗಿದ್ದೆ. "ಸರ್ಕಾರದಿಂದ ದೊರೆಯುವ ವಿದ್ಯಾರ್ಥಿ ವೇತನವನ್ನು ಕಳೆದು ಉಳಿದ ಶುಲ್ಕವನ್ನು ಮಾತ್ರ ಟ್ರಸ್ಟ್ ಭರಿಸತಕ್ಕದ್ದು" ಎಂಬ ನಿಯಮವನ್ನು ಬರೆದವನು ನಾನು. ಒಬ್ಬರೇ ಎರಡು ಕಡೆಯಿಂದ ಪಡೆಯಬಾರದೆಂಬ ಸದುದ್ದೇಶದಿಂದ ಬರೆದೆ, ಸಭೆಯಲ್ಲಿ ಶ್ಲಾಘನೆಯೂ ಆಯಿತು. 1994ರಲ್ಲಿ ಪಿಯುಸಿ ಮುಗಿಸಿ ಪದವಿ ತರಗತಿಗೆ ಸೇರಿದ್ದ ಒಬ್ಬ ಹುಡುಗಿಯ ಅರ್ಜಿ ಬಂತು. ತಂದೆ ಹಳ್ಳಿಯ ಚಿಕ್ಕ ಬಸದಿಯಲ್ಲಿ ಪೂಜೆ ಮಾಡುವವರು. ಶುಲ್ಕ ಸರ್ಕಾರದಿಂದ ಸಂದಾಯವಾಗಿತ್ತು. ಅವಳು ಕೇಳಿದ್ದು ಬಸ್ ಪಾಸಿಗೂ ಎರಡು ಪಠ್ಯಪುಸ್ತಕಗಳಿಗೂ ಸಾಕಾಗುವಷ್ಟು ಹಣ. "ನಿಯಮದಲ್ಲಿ ಅವಕಾಶವಿಲ್ಲ" ಎಂದು ಅರ್ಜಿಯ ಅಂಚಿನಲ್ಲಿ ಬರೆದು ಸಹಿ ಹಾಕಿದೆ. ಅದೇ ಸಭೆಯಲ್ಲಿ, ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಮಗನಿಗೆ ಸರ್ಕಾರದ ನೆರವು ಇಲ್ಲದ ಕಾರಣ ಪೂರ್ತಿ ಶುಲ್ಕ ಮಂಜೂರಾಯಿತು. ನಿಯಮಕ್ಕೆ ಕೂದಲೆಳೆಯಷ್ಟೂ ಭಂಗ ಬರಲಿಲ್ಲ. ಎರಡನೆಯ ವರ್ಷಕ್ಕೆ ಆ ಹುಡುಗಿ ಕಾಲೇಜಿಗೆ ಬರಲಿಲ್ಲ.

2006ರ ಮಹಾಮಸ್ತಕಾಭಿಷೇಕದಲ್ಲಿ ಶ್ರವಣಬೆಳಗೊಳದ ಜನಸಂದಣಿಯ ನಡುವೆ ಅವಳೇ ನನ್ನನ್ನು ಗುರುತಿಸಿದಳು. "ಜಯ ಜಿನೇಂದ್ರ, ಸರ್" ಎಂದು ಕಾಲು ಮುಟ್ಟಿದಳು. ಜೊತೆಯಲ್ಲಿ ಮಗಳಿದ್ದಳು. ಐದನೆಯ ತರಗತಿ, ಲೆಕ್ಕದಲ್ಲಿ ಮುಂದು ಎಂದಳು. ನಾನು ಮಗುವಿನ ತಲೆಯ ಮೇಲೆ ಕೈಯಿಟ್ಟು ಚೆನ್ನಾಗಿ ಓದು ಎಂದೆ. ಅರ್ಜಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶುಲ್ಕವೊಂದನ್ನೇ ತೆಗೆದುಹಾಕಿದರೆ ವಿದ್ಯೆ ಉಚಿತವಾಗುವುದಿಲ್ಲವೆಂಬುದಕ್ಕೆ ಅಮೆರಿಕದಲ್ಲಿ ಪ್ರಯೋಗಸಿದ್ಧ ಪ್ರಮಾಣವಿದೆ. ಅಲ್ಲಿನ ಸಾರ್ವಜನಿಕ ಎರಡು ವರ್ಷದ ಕಾಲೇಜುಗಳಿಗೆ ಸೇರಿದವರಲ್ಲಿ ಆರು ವರ್ಷ ಕಳೆದರೂ ಅರ್ಧಕ್ಕಿಂತ ಕಡಿಮೆ ಜನ ಮಾತ್ರ ಪದವಿಯನ್ನೋ ಪ್ರಮಾಣಪತ್ರವನ್ನೋ ಪಡೆಯುತ್ತಾರೆ. ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯವು 2007ರಲ್ಲಿ 'ಏಸ್ಯಾಪ್' ಎಂಬ ಕಾರ್ಯಕ್ರಮ ಆರಂಭಿಸಿತು. ಉಳಿದ ಶುಲ್ಕ, ಪುಸ್ತಕದ ಖರ್ಚು, ನಗರದ ರೈಲು ಬಸ್ಸುಗಳ ಪಾಸು, ಮತ್ತು ಅಡಿಗಡಿಗೆ ಕರೆದು ವಿಚಾರಿಸುವ ಒಬ್ಬ ಸಲಹೆಗಾರ. ಪ್ರತಿಯಾಗಿ ವಿದ್ಯಾರ್ಥಿ ಪೂರ್ಣಕಾಲ ಓದಬೇಕು. ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಎಂಡಿಆರ್‌ಸಿ ಎಂಬ ಸಂಶೋಧನ ಸಂಸ್ಥೆ ಹೋಲಿಸಿ ನೋಡಿತು. ಮೂರು ವರ್ಷಗಳಲ್ಲಿ ಪದವಿ ಪಡೆದವರು ಸಾಮಾನ್ಯ ಗುಂಪಿನಲ್ಲಿ ನೂರಕ್ಕೆ 22, ಈ ಗುಂಪಿನಲ್ಲಿ ನೂರಕ್ಕೆ 40. ಒಬ್ಬ ವಿದ್ಯಾರ್ಥಿಯ ಮೇಲೆ ಖರ್ಚು ಹೆಚ್ಚಾದರೂ ಒಂದು ಪದವಿಗೆ ತಗಲುವ ವೆಚ್ಚ ಕಡಿಮೆಯೇ ಆಯಿತು. ಬಸ್ ಪಾಸು ಎಂಬ ಪದವನ್ನು ಆ ವರದಿಯ ವಿವರದಲ್ಲಿ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ತಿರುಗಾಡಿಕೊಂಡು ಬಂದೆ.

ನ್ಯೂ ಮೆಕ್ಸಿಕೋ ರಾಜ್ಯವು 2022ರಲ್ಲಿ ಬೇರೊಂದು ದಾರಿ ಹಿಡಿಯಿತು. ಅಲ್ಲಿ ರಾಜ್ಯದ ಹಣವೇ ಮೊದಲು ಶುಲ್ಕಕ್ಕೆ ಸಲ್ಲುತ್ತದೆ. ಪೆಲ್ ಅನುದಾನ ವಿದ್ಯಾರ್ಥಿಯ ಕೈಯಲ್ಲಿ ಉಳಿದು ಪುಸ್ತಕಕ್ಕೆ, ಊಟಕ್ಕೆ, ಬಾಡಿಗೆಗೆ ಒದಗುತ್ತದೆ. ಕಳೆಯುವ ಲೆಕ್ಕದಲ್ಲಿ ಕ್ರಮವನ್ನು ಬದಲಿಸಿದ್ದಷ್ಟೇ. ನನ್ನ ನಿಯಮದಲ್ಲಿ ನಾಲ್ಕು ಪದಗಳನ್ನು ಹಿಂದುಮುಂದು ಮಾಡಿದ್ದರೆ ಸಾಕಾಗಿತ್ತು.

ಉಚಿತವಾಗಿ ಸಿಕ್ಕಿದ್ದಕ್ಕೆ ಬೆಲೆಯಿರುವುದಿಲ್ಲವೆಂಬ ಆಕ್ಷೇಪವನ್ನು ಅಳಿಯ ಎತ್ತಿದನು. ಇದನ್ನು ಸಾಮಾನ್ಯವಾಗಿ ಎತ್ತುವವರು ತಾವೇ ಉಚಿತವಾಗಿ ಓದಿದವರು ಎಂಬುದು ನನ್ನ ಅನುಭವ. ಅಳಿಯನಿಗೂ ಕರ್ನಾಟಕದಲ್ಲಿ ಸರ್ಕಾರಿ ಸೀಟು ಸಿಕ್ಕಿತ್ತು. ಟೆನೆಸ್ಸೀಯವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಪ್ರಾಮಿಸ್ ಪಡೆಯುವ ವಿದ್ಯಾರ್ಥಿ ಪ್ರತಿ ಅವಧಿಗೂ ಎಂಟು ಗಂಟೆ ಸಮಾಜಸೇವೆ ಮಾಡಬೇಕು. ಇದನ್ನು ಕೇಳಿದಾಗ ನನಗೆ ನೆನಪಾದವರು ಭಾವೂರಾವ್ ಪಾಟೀಲರು. ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಬಡ ಮಕ್ಕಳನ್ನೂ ಒಂದೇ ವಸತಿಯಲ್ಲಿರಿಸಿ, ದುಡಿಯುತ್ತ ಕಲಿಯುವ ಮಾರ್ಗ ತೋರಿದರು. ದುಡಿದು ಕಲಿತವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲವೆಂಬುದು ಅದರ ಒಳಗಿನ ಸತ್ವ. ಎಂಟು ಗಂಟೆಯ ಸೇವೆ ಅದರ ಮುಂದೆ ತೀರಾ ಚಿಕ್ಕದು. ಮನೆಗೆಲಸ ಮಾಡಿಕೊಂಡು ಓದುವ ಬಡ ಹುಡುಗಿಗೆ ಆ ಎಂಟು ಗಂಟೆಯೇ ಭಾರವಾಗಬಹುದೆಂಬುದೂ ನಿಜ. ಶುಲ್ಕದ ಪೂರ್ತಿ ಫಲ ಪಡೆಯುವ ನನ್ನ ಮೊಮ್ಮಗನಂಥವರಿಗೆ ಎಂಟಲ್ಲ, ಎಂಬತ್ತು ಇಡಬಹುದಿತ್ತು.

ಅಕ್ಟೋಬರ್ 30ರ ರಾತ್ರಿ ಮಗಳು ಅರ್ಜಿಗೆ ಒಪ್ಪಿದಳು. ಮನಸ್ಸು ಒಪ್ಪಿತೆಂದು ಹೇಳಲಾರೆ. "ಅವನು ಓದಲಿ. ಶುಲ್ಕಕ್ಕೆಂದು ನಾವು ಇಟ್ಟದ್ದನ್ನು ಏನು ಮಾಡುವುದೆಂದು ಆಮೇಲೆ ನೋಡೋಣ" ಎಂದಳು. ಅದು ಯಾರಿಗೆ ಸಲ್ಲಬೇಕು, ಇಲ್ಲಿನವರಿಗೋ ಊರಿನವರಿಗೋ, ಎಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸೇವೆಯ ಮೊದಲ ಎಂಟು ಗಂಟೆಯನ್ನು ಮೊಮ್ಮಗನು ಹಸಿದವರಿಗೆ ದಿನಸಿ ಹಂಚುವ ಒಂದು ಉಗ್ರಾಣದಲ್ಲಿ ಮಾಡಿದನು. ಡಬ್ಬಿಗಳನ್ನು ವಿಂಗಡಿಸುವ ಕೆಲಸ. ಮಾಂಸದ ಡಬ್ಬಿಗಳನ್ನು ಮುಟ್ಟಬೇಕೇ ಎಂದು ಫೋನಿನಲ್ಲಿ ನನ್ನನ್ನು ಕೇಳಿದನು. ಕಾಳು ತರಕಾರಿಯ ಸಾಲು ಇಲ್ಲವೇ ಎಂದು ಅಲ್ಲಿನವರನ್ನು ಕೇಳಪ್ಪ ಎಂದೆ. ಇತ್ತಂತೆ. "ತಾತ, ಎಂಟು ಗಂಟೆಯೂ ಬರೀ ಬಟಾಣಿ" ಎಂದು ನಕ್ಕನು. 2025ರ ಆಗಸ್ಟಿನಿಂದ ಅವನು ಕಾಲೇಜಿಗೆ ಹೋಗುತ್ತಿದ್ದಾನೆ.

ಊರಿಗೆ ಮರಳಿದ ಮೇಲೆ ನಾನು ಟ್ರಸ್ಟಿಗೆ ಒಂದು ಪತ್ರ ಬರೆದೆನು. ನಾನು ಬರೆದಿದ್ದ ನಿಯಮವನ್ನು ತಿದ್ದಿ, ಸರ್ಕಾರದ ನೆರವು ಪಡೆದವರಿಗೂ ಪ್ರಯಾಣ, ಪುಸ್ತಕ, ಊಟಗಳಿಗೆ ಹಣ ಕೊಡುವಂತಾಗಲಿ ಎಂದೂ, 1994ರ ಆ ಅರ್ಜಿ ಹಳೆಯ ಕಡತಗಳಲ್ಲಿ ಸಿಕ್ಕರೆ ವಿಳಾಸ ಕಳುಹಿಸಬೇಕೆಂದೂ ಕೋರಿದೆನು. ಪತ್ರವನ್ನು ಮುಂದಿನ ಸಭೆಯ ಮುಂದಿಡಲಾಗುವುದೆಂದು ಉತ್ತರ ಬಂದಿದೆ. ಹಳೆಯ ಕಡತಗಳನ್ನು ಬಸದಿಯ ಜೀರ್ಣೋದ್ಧಾರದ ಸಮಯದಲ್ಲಿ ಬೇರೆಡೆಗೆ ಸಾಗಿಸಿದ್ದಾರಂತೆ, ಹುಡುಕಿಸುತ್ತೇವೆಂದಿದ್ದಾರೆ.